ಭಲೇ ಅಂದದ್ದು ಯಾರಿಗೆ

ನನಗೊಂದು ಕಾಯಿಲೆ ಇದೆ. ಹಾಡು ಹಾಕಿದರೆ ನನಗೆ ಹಾಡು ಕೇಳಿಸುವುದಿಲ್ಲ. ಎಸ್‌ಪಿಬಿ ಮೇಲೆ ಏನೇನೋ ಹೇಳಿಕೊಳ್ಳುತ್ತಿರುತ್ತಾರೆ, ಜಾನಕಮ್ಮ ಅವರಿಗಿಂತ ಮೇಲೆ ಹೋಗಿರುತ್ತಾರೆ, ನಾನು ನೆಲಮಾಳಿಗೆಯಲ್ಲಿ ಬೇಸ್ ಗಿಟಾರಿನ ಬೆನ್ನು ಹತ್ತಿರುತ್ತೇನೆ. ಅಡುಗೆಮನೆಯಲ್ಲಿ ಹೆಂಡತಿ ಪಲ್ಲವಿ ಗುನುಗಿದರೆ ನಾನು ಹಾಲ್‌ನಿಂದ ‘ದೂಂ ದುದೂಂ ದೂಂ’ ಅಂತ ಸೇರಿಕೊಳ್ಳುತ್ತೇನೆ. ಇದು ದಾಂಪತ್ಯದ ಯುಗಳಗೀತೆ ಎಂಬುದು ನನ್ನ ಅಭಿಪ್ರಾಯ. ಎದುರುಮನೆಯಲ್ಲಿ ಬೋರ್‌ವೆಲ್ ಕೊರೆಸಿದಾಗಲೂ ಇಷ್ಟು ಹಿಂಸೆಯಾಗಿರಲಿಲ್ಲ ಎಂಬುದು ಅವಳದು.

ಈ ಕಾಯಿಲೆಯವರಿಗೂ ದೇವರುಗಳಿದ್ದಾರೆ. ಪಟ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನ್ ಅಂತ ನಮ್ಮ ರಸ್ತೆಯ ಇಸ್ತ್ರಿ ಗಾಡಿಯವರಿಗೂ ಗೊತ್ತು. ಮಾರನೆಯ ವರ್ಷ ಅದೇ ಜಿ.ಕೆ. ವೆಂಕಟೇಶ್ ‘ಆಪರೇಷನ್ ಡೈಮಂಡ್ ರಾಕೆಟ್’ಗಾಗಿ ಅಣ್ಣಾವ್ರ ಕೈಲಿ ಇಂಗ್ಲಿಷ್ ಹಾಡು ಹೇಳಿಸಿದರಲ್ಲ, ಅದರಲ್ಲಿ ಬೇಸ್ ಹಿಡಿದವರು ಯಾರು? ಕೇಳಿ ನೋಡಿ. ಕೇಳಿದವನನ್ನೇ ಜನ ಮೇಲಿಂದ ಕೆಳಗೆ ನೋಡುತ್ತಾರೆ. ಇಳಯರಾಜರ ವಾದ್ಯವೃಂದದಲ್ಲಿ ಶಶಿಧರನ್, ಆರ್.ಡಿ. ಬರ್ಮನ್ ಹತ್ತಿರ ಟೋನಿ ವಾಝ್, ರೆಹಮಾನ್ ಜೊತೆ ಕೀತ್ ಪೀಟರ್ಸ್. ನನಗೆ ಸಿಕ್ಕ ಹೆಸರುಗಳು ಅಷ್ಟೋತ್ತರಕ್ಕೆ ಸಾಲುವುದಿಲ್ಲ, ಸಂಕಲ್ಪಕ್ಕೆ ಸಾಕು.

ಹೀಗಿರುವಾಗ ರಾಜ್ಯೋತ್ಸವದ ಚಂದಾ ಕೇಳಲು ಬಂದ ಹುಡುಗ ಬಾಗಿಲಲ್ಲಿ ನಿಂತು, ಈ ಸಲ ಆರ್ಕೆಸ್ಟ್ರಾ ಭರ್ಜರಿ ಸಾರ್, ಬೇಸ್ ಗಿಟಾರ್ ಹೊಡೆಯೋ ಅಜ್ಜ ಒಬ್ಬರು ಮದ್ರಾಸಲ್ಲಿ ಸಿನಿಮಾ ರೆಕಾರ್ಡಿಂಗಿಗೆಲ್ಲ ನುಡಿಸಿದೋರಂತೆ ಅಂದ. ನಾನು ಹೋದ ವರ್ಷದ ಎರಡರಷ್ಟು ಚಂದಾ ಕೊಟ್ಟೆ. ಅವನು ನೋಟನ್ನು ಬೆಳಕಿಗೆ ಹಿಡಿದು ನೋಡಿ, ರಸೀದಿ ಹರಿದು, ನಾನು ಮನಸ್ಸು ಬದಲಾಯಿಸುವ ಮುಂಚೆ ಮೆಟ್ಟಿಲಿಳಿದ.

ನಮ್ಮ ಬೆಂಗಳೂರಿನ ಶ್ರೀನಗರದಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಎಂಬುದು ಅಡ್ಡರಸ್ತೆಗಳ ಸಂಖ್ಯೆಗೆ ಬಿಟ್ಟ ವಿಚಾರ. ಬಸ್ ಸ್ಟಾಪಿನ ಕಡೆ ಒಂದು ವಾರ, ಕಾಳಿದಾಸ ಲೇಔಟಿನ ಕಡೆ ಇನ್ನೊಂದು ವಾರ, ಹನುಮಂತನಗರದವರು ನಮ್ಮನ್ನು ಮೀರಿಸಬೇಕೆಂದು ಮತ್ತೂ ಒಂದು ವಾರ. 2018ರಲ್ಲಿ ಹೈಕೋರ್ಟು ಊರಿನ ಫ್ಲೆಕ್ಸುಗಳನ್ನೆಲ್ಲ ಕೀಳಿಸಿತ್ತು. ನಮ್ಮ ಫ್ಲೆಕ್ಸಿಗೆ ಆ ಸುದ್ದಿ ತಲುಪಿದಂತಿರಲಿಲ್ಲ. ಅದರಲ್ಲಿ ಅಣ್ಣಾವ್ರಿದ್ದರು, ಶಂಕರಣ್ಣ ಇದ್ದರು, ಅಪ್ಪು ಇದ್ದರು, ಬಡಾವಣೆಯ ಹೆಸರನ್ನೇ ತಲೆಯ ಮೇಲೆ ಹೊತ್ತ ನಟ ಶ್ರೀನಗರ ಕಿಟ್ಟಿ ಇದ್ದರು, ಕೆಳಗೆ ಸಾಲಾಗಿ ಕೈಮುಗಿದ ಮಾಜಿಗಳಿದ್ದರು. 2020ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ನಮ್ಮಲ್ಲಿ ಮಾಜಿಗಳಿಗೆ ಬರವಿಲ್ಲ. ಗಾಯಕರ ಮುಖಗಳೂ ಇದ್ದವು, ನಕ್ಷತ್ರದೊಳಗೆ. ಬೇಸ್ ಗಿಟಾರಿನ ಅಜ್ಜನನ್ನು ನಾನು ಕನ್ನಡಕ ಒರೆಸಿಕೊಂಡು ಹುಡುಕಿದೆ. ಜನರೇಟರ್ ಒದಗಿಸಿದವರ ಹೆಸರಿತ್ತು.

ಸಂಜೆ ಆರಕ್ಕೆ ಎಂದದ್ದು ಎಂಟಕ್ಕೆ ಶುರುವಾಯಿತು. ಅಜ್ಜ ಬಂದರು: ಅರ್ಧ ತೋಳಿನ ಬಿಳಿ ಷರ್ಟು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಸಾಧಾರಣ ಚಪ್ಪಲಿ. ಚಪ್ಪಲಿಯನ್ನು ವೇದಿಕೆಯ ಕೆಳಗೇ ಜೋಡಿಸಿ ಬಿಟ್ಟು ಮೇಲೆ ಹತ್ತಿದರು. ರಿದಂ ಪ್ಯಾಡಿನ ಹುಡುಗನ ಹಿಂದೆ, ಕೀಬೋರ್ಡಿನ ಪಕ್ಕ, ಅರ್ಧ ದೇಹ ಸ್ಪೀಕರಿನ ಮರೆಗೆ ಬರುವಂತೆ ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಕೂತರು. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದವರ ಮುಖಭಾವ. ಆಮೇಲೆ ನಾಲ್ಕು ತಂತಿಗಳನ್ನೂ ಒಂದೊಂದಾಗಿ ಮುಟ್ಟಿದರು. ನನ್ನ ಹೊಟ್ಟೆಯೊಳಗೆ ಏನೋ ಸರಿದಾಡಿತು.

ನಾನು ಕೂತಿದ್ದು ಬೇಸ್ ಬಾಕ್ಸಿನ ಪಕ್ಕ. ಮುಂದಿನ ಸೋಫಾಗಳು ಮಾಜಿಗಳಿಗೆ, ಹಿಂದಿನ ಕುರ್ಚಿಗಳು ಸಂಸಾರಸ್ಥರಿಗೆ, ಮಧ್ಯದ ಜಾಗ ಕುಣಿಯುವ ಮಕ್ಕಳಿಗೆ; ಬಾಕ್ಸಿನ ಪಕ್ಕದ ಜಾಗ ಯಾರಿಗೂ ಬೇಡ. ನನಗೆ ಅದೇ ಗರ್ಭಗುಡಿ. ಅಲ್ಲಿ ಕೂತರೆ ಷರ್ಟಿನ ಗುಂಡಿಗಳು ಅದುರುತ್ತವೆ. ಆ ಮೂಲೆಯಲ್ಲಿ ಅಷ್ಟು ನೆಮ್ಮದಿಯಿಂದ ಕೂತವನು ಸೌಂಡಿನವನೇ ಇರಬೇಕೆಂದು ಹಿರಿಯರೊಬ್ಬರು ತೀರ್ಮಾನಿಸಿ, ‘ಸ್ವಲ್ಪ ಕಮ್ಮಿ ಮಾಡ್ರೀ, ಎದೆ ಹೊಡ್ಕೊಳ್ತಾ ಇದೆ’ ಅಂದರು. ನಾನವನಲ್ಲ ಅಂದೆ. ಹೋದರು. ಅವರ ಮನೆಯವರನ್ನು ಕರೆದುಕೊಂಡು ಬಂದರು.

ಅವರದೂ ತಪ್ಪಲ್ಲ. ಬೇಸ್ ಗಿಟಾರಿನ ದಪ್ಪ ತಂತಿ ಬಿಟ್ಟ ಕೈಗೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಅದರ ಒಂದೊಂದು ಅಲೆಯ ಉದ್ದ ಎಂಟು ಮೀಟರಿನ ಮೇಲೆ, ಅಂದರೆ 27 ಅಡಿ. ನಮ್ಮ ಅಡ್ಡರಸ್ತೆಯಲ್ಲಿ ಎರಡೂ ಕಡೆ ನಿಲ್ಲಿಸಿದ ಕಾರುಗಳನ್ನು ಕಳೆದರೆ ಅಷ್ಟು ಜಾಗ ಎಲ್ಲಿದೆ? ಪಾಪ, ಆ ಸ್ವರಕ್ಕೆ ಪಾರ್ಕಿಂಗ್ ಸಿಗದೆ ಮನೆಗಳೊಳಗೆ ನುಗ್ಗುತ್ತದೆ. ಕೀರಲು ಸ್ವರಗಳನ್ನು ಗೋಡೆ ಕಿಟಕಿಗಳು ತಡೆದುಬಿಡುತ್ತವೆ, ಈ ತಗ್ಗಿನ ಸ್ವರ ಮಾತ್ರ ಇಟ್ಟಿಗೆ ಗಾರೆಯನ್ನು ದಾಟಿ ಮಂಚದ ಕಾಲು ಹಿಡಿಯುತ್ತದೆ. ಹಾಗಾಗಿ ಆರ್ಕೆಸ್ಟ್ರಾದ ಎದುರು ಕೂತ ಐನೂರು ಜನಕ್ಕೆ ಬೇಸ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತದೆ. ನಾಲ್ಕು ಮನೆ ಆಚೆ, ಬಾಗಿಲು ಹಾಕಿಕೊಂಡು ತಲೆಯ ಮೇಲೆ ದಿಂಬು ಒತ್ತಿಕೊಂಡವರಿಗೆ ಬೇಸ್ ಒಂದೇ ಕೇಳಿಸುತ್ತದೆ. ಈ ವಾದ್ಯಕ್ಕೆ ನಿಷ್ಠಾವಂತ ಶ್ರೋತೃಗಳೆಂದರೆ ಪೊಲೀಸರಿಗೆ ಫೋನ್ ಮಾಡುವವರೇ.

ಹಾಡುಗಳು ಬಂದವು, ಹೋದವು. ನಾಡಗೀತೆ ಆಯಿತು, ಸನ್ಮಾನ ಆಯಿತು, ಮತ್ತೆ ಸನ್ಮಾನ ಆಯಿತು, ಯಾರಿಗೋ ಹಾಕಿದ ಮೈಸೂರು ಪೇಟ ದೊಡ್ಡದಾಗಿ ಮೂಗಿನವರೆಗೆ ಇಳಿಯಿತು. ಆಮೇಲೆ ‘ಗೀತಾ’ ಚಿತ್ರದ ಆ ಯುಗಳಗೀತೆ ಶುರುವಾಯಿತು. ಯಾವುದು ಅಂತ ಕೇಳಬೇಡಿ. 1981ರಿಂದ ಇವತ್ತಿನವರೆಗೆ ಅದಿಲ್ಲದೆ ಮುಗಿದ ಆರ್ಕೆಸ್ಟ್ರಾವನ್ನು ನಾನು ಕಂಡಿಲ್ಲ.

ಗಾಯಕನದು ಮಿಂಚುವ ಕೋಟು. ಸೊಗಸಾಗಿಯೇ ಹಾಡುತ್ತಿದ್ದ, ಇಲ್ಲವೆನ್ನುವುದಿಲ್ಲ. ಚರಣದ ಮೊದಲ ಸಾಲು ಮುಗಿದು ಉಸಿರು ತೆಗೆದುಕೊಂಡ. ಆ ಉಸಿರಿನಷ್ಟು ಜಾಗದಲ್ಲಿ ಅಜ್ಜ ದಪ್ಪ ತಂತಿಯಿಂದ ಹೊರಟು, ಎಡಗೈಯನ್ನು ಮೊಣಕಾಲ ಕಡೆಗೆ ಜಾರಿಸುತ್ತಾ ಸಣ್ಣ ತಂತಿಯವರೆಗೆ ಹತ್ತಿ, ಅಲ್ಲಿ ಅರ್ಧ ಮಾತ್ರೆ ಸುಮ್ಮನೆ ನಿಂತು, ತಾಳ ಕೈತಪ್ಪಿಯೇ ಹೋಯಿತು ಅನ್ನುವಾಗ ಸಮಕ್ಕೆ ಬಂದು ಕೂತರು.

ನನ್ನ ಬಾಯಿಂದ ‘ಭಲೇ!’ ಅಂತ ಬಂತು.

ಇದಕ್ಕೆ ನಮ್ಮ ತಾತ ಹೊಣೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಗೆ ನನ್ನನ್ನು ಎಳೆದುಕೊಂಡು ಹೋಗಿ, ತನಿ ಆವರ್ತನಕ್ಕೆ ಕಾಫಿಗೆ ಏಳುವವರನ್ನು ಬೈಯುತ್ತಾ, ಮೃದಂಗದವರಿಗೆ ಭಲೇ ಹೇಳುವುದನ್ನು ಕಲಿಸಿದ್ದು ಅವರು. ಅಲ್ಲಿ ಅದು ನಡೆಯುತ್ತದೆ. ಶ್ರೀನಗರದ ಅಡ್ಡರಸ್ತೆಯಲ್ಲಿ, ಮಕ್ಕಳು ಬುಸ್ ಬುಸ್ ಅಂತ ಕುಣಿಯುವ ಕಡೆ, ಭಲೇ ಎಂಬ ಶಬ್ದ ಸತ್ತುಹೋಗಿ ಎಷ್ಟು ಕಾಲವಾಗಿತ್ತೋ. ಅದೂ ಅಲ್ಲದೆ ಅದೇ ಕ್ಷಣಕ್ಕೆ ವಾದ್ಯಗಳೆಲ್ಲ ಒಂದು ಚಿಟಿಕೆಯಷ್ಟು ನಿಂತಿದ್ದವು. ನನ್ನ ಭಲೇ ಒಂದೇ ರಸ್ತೆಯ ಆ ತುದಿಯ ಬೇಕರಿಯವರೆಗೆ ಹೋಗಿ ಬಂತು.

ಗಾಯಕ ಹಾಡು ನಿಲ್ಲಿಸಿದ. ಎದೆಯ ಮೇಲೆ ಕೈಯಿಟ್ಟ. ನನ್ನ ಕಡೆಗೆ ಬಾಗಿದ. ‘ರಸಿಕರು! ಥ್ಯಾಂಕ್ಯೂ ಸಾರ್’ ಅಂದು ಅದೇ ಸಾಲನ್ನು ಮತ್ತೆ ಎತ್ತಿಕೊಂಡ.

ನಿನಗಲ್ಲಪ್ಪ ಅಂತ ತಲೆಯಾಡಿಸಿದೆ. ತಲೆದೂಗಿದೆ ಅಂದುಕೊಂಡ. ತೋರುಬೆರಳೆತ್ತಿ ಅವನ ಭುಜದ ಪಕ್ಕದಿಂದ ಹಿಂದಿನ ಕುರ್ಚಿಯನ್ನು ತೋರಿಸಿದೆ. ಒಂದು ಬೆರಳು ಅಂದರೆ ಇನ್ನೊಂದು ಸಲ ಅಂತ ಅವನ ಲೆಕ್ಕ. ಮತ್ತೆ ಹಾಡಿದ. ಅಷ್ಟು ಹೊತ್ತಿಗೆ ಅಜ್ಜ ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿದ್ದರು. ಉಸಿರಿನ ಜಾಗ ಬಂದಾಗ ಮೊದಲಿನದನ್ನು ನುಡಿಸಲಿಲ್ಲ. ಈ ಸಲ ಮೇಲಿಂದ ಕೆಳಕ್ಕೆ, ಒಂದೊಂದು ಸ್ವರವನ್ನೂ ಅರ್ಧ ನುಂಗಿ ಇಳಿಸಿದರು. ಎದೆಯಲ್ಲಿ ಕಿಚ್ಚಿಲ್ಲದವನು ಸುಮ್ಮನಿರಬಹುದು. ನಾನು ಎದ್ದು ನಿಂತು ಭಲೇ ಅಂದೆ. ಗಾಯಕನ ಕಣ್ಣಲ್ಲಿ ನೀರಾಡಿತು. ಮುಂದಿನ ಸೋಫಾದ ಮಾಜಿಯೊಬ್ಬರು, ಏನೋ ದೊಡ್ಡದು ನಡೆಯುತ್ತಿದೆ, ತಾವು ಹಿಂದೆ ಬೀಳಬಾರದು ಎಂಬಂತೆ ಚಪ್ಪಾಳೆ ತಟ್ಟಿದರು. ಸಾಲು ಮತ್ತೆ ಬಂತು. ಅಜ್ಜ ಮತ್ತೆ ಬೇರೆಯದನ್ನು ನುಡಿಸಿದರು, ಈ ಸಲ ಸ್ವರವೇ ಎರಡು, ನಡುವೆ ಬೇಕಾದಷ್ಟು ಖಾಲಿ ಜಾಗ. ಮುಖದಲ್ಲಿ ಪಾಸ್‌ಬುಕ್ಕಿನ ಅದೇ ಭಾವ, ತುಟಿಯ ಒಂದು ತುದಿ ಮಾತ್ರ ಜಾಗ ಬಿಟ್ಟಿತ್ತು. ನಮ್ಮಿಬ್ಬರ ನಡುವೆ ಒಂದು ಕಚೇರಿ ನಡೆಯುತ್ತಿತ್ತು, ಅದರ ಮೇಲೆ ಇನ್ನೊಬ್ಬ ಹಾಡುತ್ತಿದ್ದ. ಮಕ್ಕಳಿಗೂ ಭಲೇ ಹಿಡಿಸಿಬಿಟ್ಟಿತು. ಸಾಲು ಮುಗಿಯುವುದೇ ತಡ, ‘ಭಲೇ ಭಲೇ ಭಲೇ’ ಅಂತ ಕೂಗಿ ಅಜ್ಜನ ಸ್ವರಗಳನ್ನು ಮುಚ್ಚಿಹಾಕತೊಡಗಿದವು.

ಇನ್ನು ಸುಮ್ಮನಿದ್ದರೆ ಆಗುವುದಿಲ್ಲ ಎನಿಸಿತು. ಎಡಗೈ ಚಾಚಿ, ಬಲಗೈಯ ಎರಡು ಬೆರಳು ಹೊಟ್ಟೆಯ ಹತ್ತಿರ ಆಡಿಸಿ, ಬೇಸ್ ನುಡಿಸುವ ಅಭಿನಯ ಮಾಡಿದೆ. ಅದಕ್ಕಿಂತ ಸ್ಪಷ್ಟವಾಗಿ ಮನುಷ್ಯಮಾತ್ರದವನು ಹೇಳಲಾರ. ಗಾಯಕ ಅದನ್ನು ನೃತ್ಯ ಎಂದು ಬಗೆದ. ತಂತಿಯಿಲ್ಲದ ಮೈಕು ಹಿಡಿದು ವೇದಿಕೆಯಿಂದ ಇಳಿದ, ಮಕ್ಕಳನ್ನು ದಾಟಿ ಬಂದ, ನನ್ನ ಹೆಗಲ ಮೇಲೆ ಕೈಹಾಕಿದ, ಕೋಟಿನ ಮಿಂಚೆಲ್ಲ ನನ್ನ ಕುತ್ತಿಗೆಗೆ ಚುಚ್ಚಿತು. ‘ಇಂಥ ರಸಿಕರಿಂದಲೇ ಸಾರ್ ನಾವು! ಏನಾದ್ರೂ ಹೇಳಿ’ ಅಂತ ಮೈಕನ್ನು ನನ್ನ ಬಾಯಿಗಿಟ್ಟ.

ಎಷ್ಟೋ ವರ್ಷಗಳಿಂದ ನಾನು ಮನಸ್ಸಿನಲ್ಲೇ ತಿದ್ದಿ ತೀಡಿದ ಭಾಷಣವೊಂದಿತ್ತು. ಕೋಡಂಬಾಕ್ಕಂನಿಂದ ಹಿಡಿದು ಹೆಸರಿಲ್ಲದ ಕಲಾವಿದರವರೆಗೆ ಎಲ್ಲ ಇತ್ತು ಅದರಲ್ಲಿ. ಐನೂರು ಮುಖಗಳು ತಿರುಗಿದವು. ನನ್ನ ಹೆಂಡತಿಯ ಮುಖವೂ ಇತ್ತು, ಹಿಂದಿನ ಸಾಲಿನಲ್ಲಿ, ನಿಧಾನವಾಗಿ ಸೆರಗಿನೊಳಗೆ ಮರೆಯಾಗುತ್ತಿತ್ತು. ನನ್ನ ಗಂಟಲಿಂದ ಹೊರಟದ್ದು ಒಂದೇ ಪದ: ‘ಬೇಸು...’

‘ಬೇಸಾ?’ ಗಾಯಕ ಗಂಭೀರನಾದ. ತಿರುಗಿ ಕೂಗಿದ: ‘ಸೌಂಡ್ ಅಣ್ಣಾ! ಬೇಸ್ ಜಾಸ್ತಿ ಆಯ್ತಂತೆ, ಸಾರ್‌ಗೆ ತೊಂದ್ರೆ ಆಗ್ತಿದೆ, ಕಮ್ಮಿ ಮಾಡಿ!’

ಸೌಂಡ್ ಅಣ್ಣ ಕಮ್ಮಿ ಮಾಡಿದ. ಎಷ್ಟು ಕಮ್ಮಿ ಮಾಡಿದನೆಂದರೆ ನನ್ನ ಷರ್ಟಿನ ಗುಂಡಿಗಳು ನಿಂತುಬಿಟ್ಟವು. ಎದೆ ಹೊಡೆದುಕೊಳ್ಳುತ್ತಿದ್ದ ಹಿರಿಯರು ದೂರದಿಂದ ಬಂದು, ಎರಡೂ ಕೈಗಳಿಂದ ನನ್ನ ಕೈ ಹಿಡಿದು, ‘ನೀವೇ ಸೌಂಡಿನವರು ಅಂತ ನಂಗೆ ಮೊದ್ಲೇ ಗೊತ್ತಿತ್ತು’ ಅಂದರು. ಚಪ್ಪಾಳೆ ತಟ್ಟಿದ್ದ ಮಾಜಿ ಎದ್ದು ವೇದಿಕೆ ಹತ್ತಿ, ಇಷ್ಟು ಜನರನ್ನು ರಂಜಿಸಿದ್ದಕ್ಕಾಗಿ ಗಾಯಕನ ಕೋಟಿಗೆ ಐನೂರರ ನೋಟೊಂದನ್ನು ಪಿನ್ನು ಮಾಡಿದರು. ಅಜ್ಜ ನುಡಿಸುತ್ತಲೇ ಇದ್ದರು. ಬೆರಳುಗಳು ಮೊದಲಿನಂತೆಯೇ ಹತ್ತಿದವು, ನಿಂತವು, ಇಳಿದವು. ನನಗೆ ಕಾಣಿಸುತ್ತಿತ್ತು, ಅಷ್ಟೇ.

ಉಳಿದದ್ದು ಬೇಗ ಮುಗಿಯಿತು. ಹತ್ತು ಗಂಟೆಗೆ ಸರಿಯಾಗಿ ಪೊಲೀಸರ ಹೊಯ್ಸಳ ವಾಹನ ರಸ್ತೆಯ ತುದಿಗೆ ಬಂದು ದೀಪ ತಿರುಗಿಸುತ್ತಾ ನಿಂತಿತು. ನಿರೂಪಕ ಅವಸರ ಅವಸರವಾಗಿ ವಂದನಾರ್ಪಣೆ ಶುರು ಮಾಡಿದ. ಗಾಯಕರ ಹೆಸರುಗಳನ್ನು ಎಳೆದೆಳೆದು ಹೇಳಿದ. ಕೀಬೋರ್ಡಿನವನ ಹೆಸರು, ಡ್ರಮ್ಸಿನವನ ಹೆಸರು, ಪ್ಯಾಡಿನ ಹುಡುಗನ ಹೆಸರು, ಅಡ್ಡಹೆಸರು ಸಹಿತ. ‘ಮತ್ತು ನಮ್ಮ ಎಲ್ಲಾ ಕಲಾವಿದರಿಗೆ’ ಅಂದ. ಜನರೇಟರಿನವರಿಗೆ ಪ್ರತ್ಯೇಕವಾಗಿ ಧನ್ಯವಾದ ಹೇಳಿದ.

ಇಲ್ಲಿ ನನಗೆ ಸಿಟ್ಟು ಬರುತ್ತದೆ, ಬರೆಯುವಾಗಲೂ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬನಿದ್ದ. ಬಲಗೈಯ ಒಂದೇ ಬೆರಳಲ್ಲಿ ಬೇಸ್ ಗಿಟಾರಿನ ತಂತಿ ಮೀಟುತ್ತಿದ್ದ. ಅರವತ್ತರ ದಶಕದಲ್ಲಿ ಮೊಟೌನ್ ಎಂಬ ಕಂಪನಿಯಿಂದ ಜಗತ್ತನ್ನೆಲ್ಲ ಕುಣಿಸಿದ ಹಾಡುಗಳು ಹೊರಬಂದವಲ್ಲ, ಅವುಗಳಲ್ಲಿ ಹೆಚ್ಚಿನವು ಅವನ ಆ ಬೆರಳ ಮೇಲೆ ನಿಂತಿದ್ದವು. ತಟ್ಟೆಯ ಲಕೋಟೆಯಲ್ಲಿ ಅವನ ಹೆಸರು ಬರಲು 1971ರವರೆಗೆ ಕಾಯಬೇಕಾಯಿತು, ಮಾರ್ವಿನ್ ಗೇ ಹಾಕಿಸಿದ್ದು. 1983ರಲ್ಲಿ ಕಂಪನಿ ತನ್ನ ಇಪ್ಪತ್ತೈದನೆಯ ವರ್ಷದ ವೈಭವವನ್ನು ಟಿವಿಗಾಗಿ ಚಿತ್ರೀಕರಿಸಿದಾಗ ಅವನಿಗೆ ಕರೆಯಿರಲಿಲ್ಲ. ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿ ಬಂದನಂತೆ. ಅದೇ ಆಗಸ್ಟಿನಲ್ಲಿ ತೀರಿಕೊಂಡ, ವಯಸ್ಸು ನಲವತ್ತೇಳು.

ವೇದಿಕೆಯ ಹಿಂದೆ ಅಜ್ಜ ತಮ್ಮ ಕೇಬಲನ್ನು ತಾವೇ ಮೊಳಕೈಗೆ ಸುತ್ತಿಕೊಳ್ಳುತ್ತಿದ್ದರು. ಕ್ಷಮಿಸಿ ಅನ್ನಲೋ, ನಮಸ್ಕಾರ ಅನ್ನಲೋ ತೋಚದೆ ನಿಂತೆ. ‘ಭಲೇ ಸಾರ್ ಅಲ್ವಾ? ಇದೊಂದು ಕಡೆ ಹಿಡೀರಿ’ ಅಂದರು. ಆಂಪ್ಲಿಫೈಯರಿನ ಒಂದು ತುದಿ ನನಗೆ ಬಂತು. ಅದರ ಭಾರ ಇವತ್ತಿಗೂ ನನ್ನ ಸೊಂಟದಲ್ಲಿದೆ. ಮುಖ್ಯರಸ್ತೆಯವರೆಗೆ ಆಟೋ ಹುಡುಕಿಕೊಂಡು ಇಬ್ಬರೂ ಏಡಿಗಳ ಹಾಗೆ ಅಡ್ಡಡ್ಡ ನಡೆದೆವು.

ನಡೆಯುತ್ತಾ ಹೇಳಿದರು. ಮದ್ರಾಸಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸುತ್ತಿದ್ದ ಕಾಲ. ಬೆಳಿಗ್ಗೆ ಏಳಕ್ಕೆ ಹಾಜರಿದ್ದರೆ ಸ್ಟ್ಯಾಂಡಿನ ಮೇಲೆ ನೊಟೇಷನ್ ಕಾದಿರುತ್ತಿತ್ತು. ಓದಿ ನುಡಿಸುವುದು, ಹಿಂದೆ ಯಾವ ಪಿಟೀಲಿನವನು ತಪ್ಪಿದರೂ ಎಲ್ಲರಿಗೂ ಮೊದಲಿಂದ. ಮಧ್ಯಾಹ್ನ ಕವರು ತೆಗೆದುಕೊಂಡು ಹೊರಟರೆ ಇನ್ನೊಂದು ಸ್ಟುಡಿಯೊ. ಚಿತ್ರಕ್ಕೆ ಹೆಸರೇ ಇಟ್ಟಿರುತ್ತಿರಲಿಲ್ಲ, ಪ್ರೊಡಕ್ಷನ್ ನಂಬರು ಇಷ್ಟು ಅಂತ ಇರುತ್ತಿತ್ತು. ಕನ್ನಡವೋ ತೆಲುಗೋ ಎಂಬುದು ಗಾಯಕರು ಬಾಯಿ ತೆರೆದಾಗ ಗೊತ್ತಾಗಬೇಕು.

‘ಹಾಗಾದ್ರೆ ಯಾವ್ಯಾವ ಹಾಡಲ್ಲಿ ನೀವಿದೀರಿ ಸಾರ್?’

‘ನಂಗೇ ಗೊತ್ತಿಲ್ವಲ್ಲ. ಆಟೋದಲ್ಲಿ ಹಿಂದುಗಡೆ ಸ್ಪೀಕರು ದೊಡ್ಡದಿದ್ರೆ ಒಂದೊಂದ್ಸಲ ಸಿಗುತ್ತೆ. ಅರೆ, ಇದು ನನ್ ಕೈ ಅನ್ನಿಸುತ್ತೆ. ಡ್ರೈವರಿಗೆ ಹೇಳಿದ್ರೆ ಮೀಟರ್ ಮೇಲೆ ಕೇಳೋದನ್ನೇನು ಬಿಡ್ತಾನಾ?’

1983ರಲ್ಲಿ ಯಮಾಹಾದ ಡಿಎಕ್ಸ್ 7 ಬಂದಮೇಲೆ ಕೀಬೋರ್ಡಿನವರ ಎಡಗೈ ಮೆಲ್ಲಮೆಲ್ಲಗೆ ಇವರ ಕೆಲಸ ಮಾಡತೊಡಗಿತಂತೆ. ಕರೆಗಳು ಕಡಿಮೆಯಾದವು, ಊರಿಗೆ ಬಂದರು, ಆರ್ಕೆಸ್ಟ್ರಾ ಸೇರಿದರು. ದೂರೇನೂ ಇರಲಿಲ್ಲ ಮಾತಿನಲ್ಲಿ. ನಾನೇ ಅವರ ಪರವಾಗಿ ದೂರು ತಯಾರಿಸಿಕೊಂಡು ಬಂದಿದ್ದೆ, ಸಹಿ ಹಾಕಲು ಅವರು ಒಪ್ಪಲಿಲ್ಲ. ಐನೂರರ ನೋಟಿನ ಪ್ರಸ್ತಾಪ ತೆಗೆದಾಗ ಮಾತ್ರ ನಿಂತು, ಆಂಪ್ಲಿಫೈಯರನ್ನು ನೆಲಕ್ಕಿಟ್ಟು, ಜೋರಾಗಿ ನಕ್ಕರು. ‘ಆ ಹುಡುಗ ಇವತ್ತು ಆರು ತಿಂಗಳಲ್ಲಿ ಹಾಡದ ಹಾಗೆ ಹಾಡಿದ, ಗಮನಿಸಿದ್ರಾ? ನೀವು ಭಲೇ ಅಂದ್ರಲ್ಲ, ಅದಕ್ಕೆ.’

ನಾನು ಗಮನಿಸಿರಲಿಲ್ಲ. ನನಗೆ ಹಾಡು ಕೇಳಿಸುವುದಿಲ್ಲ ಅಂದೆನಲ್ಲ.

ರಾತ್ರಿ ಮನೆಗೆ ಬಂದು, ಹೆಂಡತಿಯ ಮೌನವನ್ನು ದಾಟಿ, ಫೋನಿನಲ್ಲಿ ತೆಗೆದಿದ್ದ ವಿಡಿಯೊ ಹಾಕಿದೆ. ಕಡಲೆಬೀಜದಷ್ಟಿರುವ ಫೋನಿನ ಸ್ಪೀಕರಿಗೆ 41 ಕಂಪನ ದಕ್ಕುವುದೆಂತು. ಮಿಂಚುವ ಕೋಟು ಹಾಡುತ್ತದೆ, ಸಾಲು ಮುಗಿಯುತ್ತದೆ, ಒಂದು ಉಸಿರಿನಷ್ಟು ಏನೂ ಇಲ್ಲ, ಆ ಏನೂ ಇಲ್ಲದ್ದಕ್ಕೆ ಒಬ್ಬ ‘ಭಲೇ’ ಎಂದು ಅರಚುತ್ತಾನೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದು ಈಗಾಗಲೇ ಮೈಸೂರು, ಶಿವಮೊಗ್ಗ ದಾಟಿ ನ್ಯೂಜೆರ್ಸಿಗೆ ಹೋಗಿದೆ.

ಮೊನ್ನೆ ಗಾಯಕನ ಫೋನ್ ಬಂತು. ನಂಬರು ಚಂದಾ ಹುಡುಗ ಕೊಟ್ಟನಂತೆ. ಗಿರಿನಗರದಲ್ಲಿ ಪ್ರೋಗ್ರಾಂ ಇದೆ, ಬರಲೇಬೇಕು, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇನೆ, ‘ಗೀತಾ’ ಹಾಡು ಇದ್ದೇ ಇದೆ, ಚರಣದ ಆ ಜಾಗ ಬಂದಾಗ ಮಾತ್ರ ದಯವಿಟ್ಟು ಮರೆಯಬೇಡಿ ಅಂದ.

‘ಬೇಸ್ ಅವರೇ ತಾನೆ?’ ಅಂತ ಕೇಳಿದೆ.

‘ಅಯ್ಯೋ, ನಿಮಗೆ ಬೇಸ್ ಆಗಲ್ಲ ಅಂತ ಗೊತ್ತಿಲ್ವಾ ಸಾರ್? ಈ ಸಲ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಹಾಕ್ಕೊಂಡ್ಬಿಡ್ತೀವಿ. ನೀವು ಆರಾಮಾಗಿ ಬನ್ನಿ.’